ಎಸಿ ಗ್ಯಾಸ್ ‘ಖಾಲಿ’ ಆಗೋದಿಲ್ಲ, ಸೋರುತ್ತೆ

(ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಏಪ್ರಿಲ್ ಮೊದಲ ವಾರ ರಾಯಚೂರಿನಿಂದ ಅಮ್ಮನ ಫೋನು. “ಎಸಿ ಗ್ಯಾಸ್ ಮತ್ತ ಖಾಲಿ ಆಗ್ಯಾದಂತವ್ವಾ. ಮೂರೂವರಿ ಸಾವಿರ ಕೇಳಾಕತ್ಯಾನ. ಕೊಟ್ಟುಬಿಡ್ಲೇನು?”

ಆ ‘ಮತ್ತ’ ಅನ್ನೋ ಮಾತು ನನ್ನ ಕಿವೀಲೇ ಕೂತುಬಿಡ್ತು. ಯಾಕಂದ್ರೆ ಇದು ಸತತ ಮೂರನೇ ಬೇಸಿಗೆ. ಹಿಂದಿನ ಎರಡು ಸಲಕ್ಕೆ 6,700 ರೂಪಾಯಿ ಆಗಲೇ ಹೋಗಿತ್ತು. ಹಾಗಂತ ಎಸಿ ಬೇಡ ಅನ್ನೋ ಹಾಗೂ ಇಲ್ಲ. ಅದಿರೋದು ಅಜ್ಜನ ಕೋಣೆಯಲ್ಲಿ, ಅವರಿಗೆ 82 ವರ್ಷ. ರಾಯಚೂರಲ್ಲಿ ಏಪ್ರಿಲ್-ಮೇ ಬಂದ್ರೆ ಹಗಲು 40 ಡಿಗ್ರಿ ದಾಟೋದು ಮಾಮೂಲು. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದ್ರೆ ಕೈ ಬೆಚ್ಚಗಾಗುತ್ತೆ. ಹಿಂದಿನ ವರ್ಷ ಒಂದು ರಾತ್ರಿ ತಲೆಸುತ್ತಿ ಬಚ್ಚಲಮನೆ ಬಾಗಿಲಲ್ಲೇ ಕೂತುಬಿಟ್ಟಿದ್ರು. ಸೊ, ಇದು ನಮ್ಮನೇಲಿ ಶೋಕಿ ವಿಷಯ ಅಲ್ಲ.

ಮೊದಲು ಗ್ಯಾಸ್ ಕಥೆ. ಸ್ಕೂಟರ್‌ಗೆ ಪೆಟ್ರೋಲ್ ಇದ್ದಹಾಗೆ ಎಸಿಗೆ ಗ್ಯಾಸ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಲ್ಲ. ಪೆಟ್ರೋಲ್ ಉರಿದು ಮುಗಿಯುತ್ತೆ, ಎಸಿ ಗ್ಯಾಸ್ ಮುಗಿಯೋದೇ ಇಲ್ಲ. ಮುಚ್ಚಿದ ಕೊಳವೆ ಒಳಗೆ ಅದೇ ಗ್ಯಾಸು ಸುತ್ತುತ್ತಾ ಇರುತ್ತೆ: ಕೋಣೆ ಒಳಗಿನ ಕಾಯಿಲ್‌ನಲ್ಲಿ ಶಾಖ ಹೀರ್ಕೊಂಡು ಆವಿ ಆಗುತ್ತೆ, ಹೊರಗಿನ ಯೂನಿಟ್‌ಗೆ ಹೋಗಿ ಆ ಶಾಖ ಬಿಟ್ಟು ದ್ರವ ಆಗುತ್ತೆ, ಮತ್ತೆ ವಾಪಸ್. ಕೊಳವೆ ಗಟ್ಟಿಯಾಗಿದ್ರೆ ಹತ್ತು ವರ್ಷ ಆದ್ರೂ ಅಷ್ಟೇ ಗ್ಯಾಸ್ ಇರ್ಬೇಕು. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಾ ಇದೆ ಅಂತಾನೇ ಅರ್ಥ. ಸೋರೋ ಜಾಗ ಹುಡುಕದೆ ತುಂಬಿಸೋದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ.

ತಣ್ಣಗಾಗ್ತಿಲ್ಲ ಅಂದ ತಕ್ಷಣ ಗ್ಯಾಸೇ ಕಾರಣ ಅಂತಲೂ ಅಲ್ಲ. ಫಿಲ್ಟರ್ ಧೂಳು ಹಿಡಿದು ಗಾಳಿ ಆಡದೆ ಇದ್ರೂ ತಂಪು ಕಮ್ಮಿ ಆಗುತ್ತೆ, ಕಾಯಿಲ್ ಮೇಲೆ ಐಸ್ ಕಟ್ಟುತ್ತೆ. ಹೊರಗಿನ ಯೂನಿಟ್‌ನ ಜಾಲರಿ ಮುಚ್ಚಿಹೋಗಿದ್ರೂ ಅದೇ ಪಾಡು. ಹೊರಗಿನ ಫ್ಯಾನ್ ತಿರುಗ್ತಿದೆ, ಕಂಪ್ರೆಸರ್ ಮಾತ್ರ ‘ಗುಂಯ್’ ಅಂದು ನಿಂತುಬಿಡ್ತಿದೆ ಅಂದ್ರೆ ಹಳೇ ಎಸಿಗಳಲ್ಲಿ ಎಷ್ಟೋ ಸಲ ಕೆಟ್ಟಿರೋದು ಕೆಪಾಸಿಟರ್. ಕಂಪ್ರೆಸರ್ ಮುಂದೆ ಅದರ ಬೆಲೆ ಏನೇನೂ ಅಲ್ಲ. ‘ಕಂಪ್ರೆಸರ್ ಹೋಗಿದೆ’ ಅನ್ನೋ ತೀರ್ಪಿಗೆ ತಲೆ ಆಡಿಸೋ ಮುಂಚೆ ಕೆಪಾಸಿಟರ್ ಚೆಕ್ ಮಾಡಿದ್ರಾ ಅಂತ ಒಂದು ಮಾತು ಕೇಳಿ. ನೀವೇ ಬಿಚ್ಚೋಕೆ ಹೋಗ್ಬೇಡಿ, ಸ್ವಿಚ್ ಆಫ್ ಮಾಡಿದ್ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ.

ಅಮ್ಮನಿಗೆ ಹೇಳ್ದೆ, “ಈ ಸಲ ಬರೀ ಗ್ಯಾಸ್ ಹಾಕೋರು ಬೇಡ, ಲೀಕ್ ಹುಡುಕೋರನ್ನ ಕರೆಸು.” ಬಂದ ಇನ್ನೊಬ್ಬ ಮೆಕ್ಯಾನಿಕ್ ಪೈಪ್ ಒಳಗೆ ನೈಟ್ರೋಜನ್ ಒತ್ತಿ ತುಂಬಿ, ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಚ್ಚಿದ. ಹೊರಗಿನ ಯೂನಿಟ್‌ಗೆ ತಾಮ್ರದ ಪೈಪ್ ಸೇರೋ ನಟ್ ಹತ್ರ ಗುಳ್ಳೆ ಎದ್ದವು. ಅಷ್ಟೇ! ಎರಡು ಬೇಸಿಗೆಯ ದುಡ್ಡು ಆ ಗುಳ್ಳೆಯಲ್ಲಿ ಹಾರಿಹೋಗಿತ್ತು.

ನಟ್ ಬದಲಾಯಿಸಿದ ಮೇಲಿನ ಎರಡು ಕೆಲಸ ಗಮನಿಸಿ. ಒಂದು, ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪ್ ಒಳಗಿನ ಗಾಳಿ, ತೇವ ಪೂರ್ತಿ ಎಳೀಬೇಕು. ಅವಸರದವರು ಇದನ್ನ ಬಿಟ್ಟು, ಗ್ಯಾಸನ್ನೇ ಸ್ವಲ್ಪ ಊದಿ ‘ಗಾಳಿ ಹೋಯ್ತು’ ಅಂತಾರೆ. ಎರಡು, ಗ್ಯಾಸ್ ತೂಕ ಮಾಡಿ ಹಾಕ್ಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ನ ಪ್ಲೇಟ್ ಮೇಲೆ ಬರೆದಿರುತ್ತೆ. ನಮ್ಮದು ಆರ್-32. ಅದಕ್ಕೆ ಬೆಂಕಿ ಹತ್ತೋ ಗುಣ ಸ್ವಲ್ಪ ಇದೆ, ಹಾಗಾಗಿ ಗ್ಯಾಸ್ ಒಳಗಿರುವಾಗಲೇ ಬೆಸುಗೆ ಹಾಕೋಕೆ ಬಿಡ್ಬೇಡಿ. ಪ್ಲೇಟ್ ಮೇಲೆ ಆರ್-22 ಅಂತಿದ್ರೆ ಅದು ಓಜೋನ್ ಪದರ ಹಾಳು ಮಾಡೋ ಹಳೇ ಗ್ಯಾಸು, ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ತೆರೆಮರೆಗೆ ಸರಿಯುತ್ತೆ. ಅಂಥ ಎಸಿಗೆ ದೊಡ್ಡ ರಿಪೇರಿ ಬಂದ್ರೆ ನಾನಂತೂ ದುಡ್ಡು ಹಾಕಲ್ಲ.

ಎಲ್ಲ ಸೇರಿ 4,200 ಆಯ್ತು. ಅಪ್ಪ ಮಾತ್ರ, “ಎಂಟು ವರ್ಷದ ಎಸಿಗೆ ಇಷ್ಟು ಸುರಿಯೋ ಬದ್ಲಿ ಹೊಸ ಫೈವ್ ಸ್ಟಾರ್ ತಗೊಂಡ್ರ ಆಗ್ತಿತ್ತಲ್ಲ” ಅಂದ್ರು. ಬಿ.ಕಾಂ ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ ಅಂತ ಲೆಕ್ಕ ಹಾಕೋಕೆ ಕೂತೆ. ಹೋದ 6,700 ಲೆಕ್ಕಕ್ಕೆ ಬರಲ್ಲ, ಅದು ಹೋಯ್ತು. ನೋಡಬೇಕಿರೋದು ಮುಂದಿನ ಖರ್ಚು ಮಾತ್ರ.

ಎಸಿ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತಲ್ಲ, ಅದು ವರ್ಷಕ್ಕೆ 1,600 ಗಂಟೆ ಓಡಿಸಿದ್ರೆ ಅನ್ನೋ ಲೆಕ್ಕ. ನಮ್ಮನೇಲಿ ಓಡೋದು ರಾತ್ರಿ ಏಳು ಗಂಟೆ, ಸುಮಾರು 75 ರಾತ್ರಿ. ಅಂದ್ರೆ 525 ಗಂಟೆ, ಮೂರನೇ ಒಂದು ಭಾಗ. ಉದಾಹರಣೆಗೆ 3 ಸ್ಟಾರ್ ಲೇಬಲ್‌ನಲ್ಲಿ 950, 5 ಸ್ಟಾರ್‌ನಲ್ಲಿ 750 ಯೂನಿಟ್ ಅಂತ ಇಟ್ಕೊಳ್ಳಿ. ವ್ಯತ್ಯಾಸ 200. ನಮ್ಮ ಬಳಕೆಗೆ ಅದು ಬರೀ 65 ಯೂನಿಟ್. ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದ್ರೆ ವರ್ಷಕ್ಕೆ 455 ರೂಪಾಯಿ ಉಳಿತಾಯ. ಬೆಲೆಯಲ್ಲಿ 8,000 ವ್ಯತ್ಯಾಸ ಇದ್ರೆ ಅದು ವಾಪಸ್ ಬರೋಕೆ 17 ವರ್ಷ ಬೇಕು! ಬೇಸಿಗೆಗೆ ಮಾತ್ರ ಹಾಕೋ ಮನೆಗೆ 3 ಸ್ಟಾರ್ ಇನ್ವರ್ಟರ್ ಸಾಕು ಅಂತ ನಾನು ಹೇಳೋದು ಇದಕ್ಕೇ. ವರ್ಷದಲ್ಲಿ ಎಂಟು ತಿಂಗಳು ಹಗಲು-ರಾತ್ರಿ ಓಡಿಸೋ ಮಂಗಳೂರಿನ ಮನೆಗೆ ಉತ್ತರ ಬೇರೆ, ಅವರು 5 ಸ್ಟಾರೇ ತಗೊಳ್ಳಿ. ಲೇಬಲ್‌ನ ವರ್ಷವನ್ನೂ ನೋಡಿ. 2022ರ ಜುಲೈನಲ್ಲಿ ಬಿಇಇ ಮಟ್ಟ ಏರಿಸಿದಾಗ ಅಲ್ಲಿವರೆಗಿನ 5 ಸ್ಟಾರ್ ಒಂದೇ ದಿನದಲ್ಲಿ 4 ಸ್ಟಾರ್ ಆಗಿತ್ತು.

ನಮ್ಮನೆಗೆ ನಿಜವಾದ ಪೆಟ್ಟು ಇರೋದು ಗೃಹಜ್ಯೋತಿಯಲ್ಲಿ. 2022-23ರ ನಮ್ಮ ಸರಾಸರಿ 110 ಯೂನಿಟ್, ಶೇ. 10 ಸೇರಿ 121 ಉಚಿತ. 200ರ ಒಳಗಿದ್ರೆ ಹೆಚ್ಚುವರಿಗಷ್ಟೇ ದುಡ್ಡು, ಅಂದ್ರೆ 79 ಯೂನಿಟ್‌ಗೆ 550ರ ಆಸುಪಾಸು. 201 ಆಯ್ತೋ, ಪೂರ್ತಿ ಬಿಲ್ ನಮ್ಮದೇ, 1,400 ದಾಟುತ್ತೆ. ಆ ಒಂದು ಯೂನಿಟ್‌ನ ಬೆಲೆ ಹೆಚ್ಚುಕಮ್ಮಿ 850 ರೂಪಾಯಿ!

ಅದಕ್ಕೇ ಅಮ್ಮ ಈಗ ರಾತ್ರಿ ಮಲಗೋವಾಗ, ಬೆಳಿಗ್ಗೆ ಎದ್ದಾಗ ಮೀಟರ್ ಫೋಟೊ ಕಳಿಸ್ತಾರೆ. ಸೋರ್ತಿದ್ದಾಗ, 20ಕ್ಕೆ ಇಟ್ಟು, ಫ್ರಿಜ್ ಎಲ್ಲ ಸೇರಿ ರಾತ್ರಿಗೆ 9 ಯೂನಿಟ್ ಹೋಗ್ತಿತ್ತು. ರಿಪೇರಿ ಆದ್ಮೇಲೆ 26ಕ್ಕೆ ಇಟ್ಟು ಫ್ಯಾನ್ ಹಾಕಿದ್ರೆ 5. ಒಂದು ಡಿಗ್ರಿ ಏರಿಸಿದ್ರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತೆ ಅಂತ ಬಿಇಇ ಹೇಳುತ್ತೆ. 20ಕ್ಕೆ ಇಟ್ರೆ ಬೇಗ ತಣ್ಣಗಾಗುತ್ತೆ ಅನ್ನೋದು ಹಳೇ ಎಸಿಗಳಲ್ಲಿ ಬರೀ ಭ್ರಮೆ. ಅದು ತಣ್ಣಗೆ ಮಾಡೋ ವೇಗ ಒಂದೇ, ನಿಲ್ಲೋದು ಮಾತ್ರ ತಡ.

ಅಜ್ಜನ ಪಾಲಿಗೆ ಇದೆಲ್ಲ ನಾವೇ ಮಾಡ್ಕೊಂಡ ತಲೆನೋವು. “ಮಾಳಿಗಿ ಮನಿ ಕೆಡವಿ ಆರ್‌ಸಿಸಿ ಹಾಕ್ಸಿದವ್ರು ನೀವ, ಈಗ ಮಷೀನ್ ತಂದವ್ರೂ ನೀವ” ಅಂತಾರೆ. ಸುಳ್ಳೇನಲ್ಲ. ಮಣ್ಣಿನ ದಪ್ಪ ಮಾಳಿಗೆ ಬಿಸಿಲನ್ನ ಒಳಗೆ ಬಿಡೋದು ನಿಧಾನ, ತೆಳು ಕಾಂಕ್ರೀಟ್ ಹಗಲೆಲ್ಲ ಕಾದು ರಾತ್ರಿ ಅದನ್ನ ಕೋಣೆಗೇ ಸುರಿಯುತ್ತೆ. ಏಪ್ರಿಲ್ ಎರಡನೇ ವಾರ ಅಪ್ಪ ಚಾವಣಿ ಮೇಲೆ ಎರಡು ಕೋಟು ಸುಣ್ಣ ಹೊಡೆಸಿದ್ರು, ಬಿಳಿ ಬಣ್ಣ ಬಿಸಿಲನ್ನ ಒಂದಷ್ಟು ವಾಪಸ್ ಕಳಿಸಲಿ ಅಂತ.

ಏಪ್ರಿಲ್ ಬಿಲ್ 193 ಯೂನಿಟ್‌ಗೆ ನಿಂತಿತು. ಮೇ ತಿಂಗಳು 238, ಪೂರ್ತಿ ಬಿಲ್ ಕಟ್ಟಿದ್ವಿ. 200ರ ಒಳಗೆ ಇರ್ಬೇಕು ಅಂತ ಅಜ್ಜನ ಕೋಣೆ ಎಸಿ ಆರಿಸೋ ಮಾತೇ ಇರಲಿಲ್ಲ.

ನಿಮ್ಮನೇಲೂ ವರ್ಷಾ ವರ್ಷಾ ಗ್ಯಾಸ್ ತುಂಬಿಸ್ತಿದ್ರೆ ಆ ಬಿಲ್‌ನಲ್ಲಿ ಏನು ಬರೆದಿದೆ ನೋಡಿ, ಫೋಟೊ ಕಳಿಸಿ. ಮುಂದಿನ ವಾರ ಸ್ಟೆಬಿಲೈಸರ್ ಬಗ್ಗೆ ಮಾತಾಡೋಣ. ಅದರ ಪ್ರಶ್ನೆಗಳೇ ನನ್ನ ಹತ್ರ ರಾಶಿ ಬಿದ್ದಿವೆ.