ಮೀಟರ್ ಐದು ಅಂತಿತ್ತು, ಹಾಲಲ್ಲಿ ಐಸ್ ಇತ್ತು: ಮೂರನೇ ತಂತಿಯ ಕಥೆ

ಇವತ್ತಿನ ವಿಷಯ ಟೆಂಪರೇಚರ್ ಅಳೆಯೋ ಒಂದು ಸಣ್ಣ ಮಾಡ್ಯೂಲ್. ನಾನು ಬಿ.ಕಾಂ. ಓದಿದವನು, ಓಮ್ಸ್ ನಿಯಮ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೆ ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯ ಹಾಲಿನ ಕೂಲರ್ ನೋಡ್ಕೊಳ್ಳೋರು ಫೋನ್ ಮಾಡಿ, "ಮೀಟ್ರು ಐದು ಅಂತದ ಕನಣ್ಣ, ತೊಟ್ಟಿ ಗೋಡೆಲಿ ನೋಡುದ್ರ ಐಸ್ ಹಿಡ್ದದ" ಅಂದಾಗ ಮತ್ತೆ ಓದಬೇಕಾಯ್ತು.

ರೈತರು ತರೋ ಹಾಲನ್ನ ಕೂಲರ್ 4 ಡಿಗ್ರಿಗೆ ಇಳಿಸಬೇಕು. ಆಮೇಲೆ ಟ್ಯಾಂಕರ್ ತೆರಕಣಾಂಬಿ, ಚಾಮರಾಜನಗರ ದಾಟಿ ಕುದೇರಿನ ಚಾಮುಲ್ ಡೇರಿಗೆ ಹೋಗುತ್ತೆ. ಹಾಲು ಐಸ್ ಆದರೆ ಕೊಬ್ಬು ಬೇರೆಯಾಗುತ್ತೆ, ಸ್ಯಾಂಪಲ್ ಸರಿ ಬರಲ್ಲ. ದುಡ್ಡು ಫ್ಯಾಟ್ ಲೆಕ್ಕದಲ್ಲೇ ತಾನೇ? ಜೊತೆಗೆ ಕಂಪ್ರೆಸರ್ ಸುಮ್ಮನೆ ಓಡಿ ಕರೆಂಟ್ ಬಿಲ್ಲೂ ಏರುತ್ತೆ.

ತೊಟ್ಟಿಯೊಳಗಿನ ಸೆನ್ಸರ್ ಹೆಸರು ಪಿಟಿ-100. ಪಿಟಿ ಅಂದ್ರೆ ಪ್ಲಾಟಿನಂ. 0 ಡಿಗ್ರಿಯಲ್ಲಿ ಅದರ ರೋಧ ಸರಿಯಾಗಿ 100 ಓಮ್, 100 ಡಿಗ್ರಿಯಲ್ಲಿ 138.5. ಅಂದ್ರೆ ಒಂದು ಡಿಗ್ರಿ ಏರಿದರೆ 0.385 ಓಮ್ ಜಾಸ್ತಿ. ಮಾಡ್ಯೂಲ್ ಅದರೊಳಗೆ ಸಣ್ಣ ಕರೆಂಟ್ ಹರಿಸಿ, ವೋಲ್ಟೇಜ್ ಅಳೆದು, ಓಮನ್ನ ಡಿಗ್ರಿ ಮಾಡಿ ಕಂಟ್ರೋಲರ್‌ಗೆ ಕೊಡುತ್ತೆ.

ಎಡವಟ್ಟು ಇರೋದು ಇಲ್ಲೇ. ತಂತಿಗೂ ರೋಧ ಇದೆಯಲ್ಲ! ಆ ಊರಲ್ಲಿ ಕಂಟ್ರೋಲ್ ಬಾಕ್ಸ್ ಪಕ್ಕದ ರೂಮಿಗೆ ಹೋಗಿತ್ತು, ಸೆನ್ಸರ್‌ನಿಂದ 20 ಮೀಟರ್. ಹೋಗಿ ಬರೋಕೆ 40 ಮೀಟರ್ ತಂತಿ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯಾದ್ರೆ ಸುಮಾರು 1.4 ಓಮ್. ಅದನ್ನ 0.385ರಿಂದ ಭಾಗಿಸಿ: ಮೂರೂವರೆ ಡಿಗ್ರಿಗಿಂತ ಜಾಸ್ತಿ. ತಂತಿಯ ರೋಧವನ್ನೂ ಮಾಡ್ಯೂಲ್ ಹಾಲಿನ ಬಿಸಿ ಅಂದ್ಕೊಂಡಿತ್ತು.

ಇದಕ್ಕೇ ಮೂರನೇ ತಂತಿ ಇರೋದು. ಅದರ ಸಹಾಯದಿಂದ ಮಾಡ್ಯೂಲ್ ತಂತಿಯ ರೋಧ ಎಷ್ಟು ಅಂತ ತಿಳ್ಕೊಂಡು ಕಳೆದುಬಿಡುತ್ತೆ. ಮೂರೂ ಒಂದೇ ದಪ್ಪ, ಒಂದೇ ಉದ್ದ ಇರಬೇಕು, ಅಷ್ಟೇ. ಇಲ್ಲಿ ಬಾಕ್ಸ್ ಸ್ಥಳಾಂತರ ಮಾಡಿದವರು ಎರಡೇ ತಂತಿ ಎಳೆದು, ಮಾಡ್ಯೂಲ್ ಹತ್ರ ಎರಡು ಸ್ಕ್ರೂ ನಡುವೆ ತುಂಡು ವೈರ್ ಕಟ್ಟಿದ್ದರು. ಮೀಟರ್ ಏನೋ ನಂಬರ್ ತೋರಿಸ್ತಿತ್ತು, ಎಲ್ಲರೂ ನಂಬಿದ್ದರು.

ಕೂಲರ್‌ನಲ್ಲಿ ಇದು ಖರ್ಚಿನ ತಪ್ಪು. ಇದೇ ತಪ್ಪು ಪಾಶ್ಚರೀಕರಣದ ಯಂತ್ರದಲ್ಲಾದ್ರೆ? ಅಲ್ಲಿ ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡ್ ಇರಬೇಕು. ಮೀಟರ್ 72 ಅಂದಾಗ ಹಾಲು ನಿಜಕ್ಕೂ 68ರ ಆಸುಪಾಸು. ಬಿಸಿ ಸಾಲದ ಹಾಲನ್ನ ವಾಪಸ್ ಕಳಿಸೋ ವಾಲ್ವ್ ಅಲ್ಲಿರುತ್ತೆ, ಆದರೆ ಅದು ನಂಬೋದೂ ಇದೇ ನಂಬರನ್ನ. ನನಗೆ ಭಯ ಅನ್ನಿಸಿದ್ದು ಇದು ಮಾತ್ರ.

ತಂತಿ ಕಡಿದುಹೋದ್ರೆ ಇನ್ನೂ ವಿಚಿತ್ರ: ರೋಧ ಅನಂತ, ಮಾಡ್ಯೂಲ್‌ಗೆ ಸಿಕ್ಕಾಪಟ್ಟೆ ಬಿಸಿ ಕಂಡಂಗೆ. ಅದಕ್ಕೇ ಒಳ್ಳೆ ಮಾಡ್ಯೂಲ್‌ಗಳು ಕಡಿದ ತಂತಿಯನ್ನ ಗುರುತಿಸಿ ಅಲಾರಂ ಕೊಡುತ್ತವೆ. ಆ ಸೆಟ್ಟಿಂಗ್ ಆಫ್ ಆಗಿಲ್ಲ ತಾನೇ ಅಂತ ಕೇಳಿ.

ನಾವು ಪರೀಕ್ಷೆ ಮಾಡಿದ್ದು ಹೀಗೆ: ಸೆನ್ಸರ್ ಬಿಚ್ಚಿ, ಪುಡಿ ಐಸು, ಸ್ವಲ್ಪ ನೀರು ತುಂಬಿದ ಫ್ಲಾಸ್ಕಿನಲ್ಲಿ ಐದಾರು ನಿಮಿಷ ಇಟ್ವಿ. ಸೊನ್ನೆ ಬರಬೇಕಿತ್ತು, 3.6 ಬಂತು. ಮೂರನೇ ತಂತಿ ಎಳೆದ ಮೇಲೆ 0.1.