ತಪ್ಪೊಪ್ಪಿಗೆಯಿಂದ ಕಾದಂಬರಿಗೆ: ಮೆಡೋಸ್ ಟೇಲರ್‌ನ ಒಂದು ಕೃತಿ

‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿ ಕಳ್ಳನೂ ಅವನನ್ನು ಹಿಡಿಯಬೇಕಾದ ತಳಾರ ಯಮದಂಡನೂ ಬಾಲ್ಯದ ಸಹಪಾಠಿಗಳು. ಒಬ್ಬನು ಚೋರವಿದ್ಯೆಯನ್ನು ಕಲಿತರೆ ಮತ್ತೊಬ್ಬನು ತಳಾರನ ವಿದ್ಯೆಯನ್ನು ಕಲಿಯುತ್ತಾನೆ. ಆದರೆ ಅಲ್ಲಿ ಕಥೆಯನ್ನು ಹೇಳುವವನು ಇಬ್ಬರಿಗೂ ಹೊರತಾದ ಧರ್ಮಕಥನಕಾರ. ತಳಾರನೇ ಲೇಖನಿ ಹಿಡಿದು, ಕಳ್ಳನ ಬಾಯಿಂದಲೇ ಕಥೆ ಹೇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೆಡೋಸ್ ಟೇಲರ್‌ನ ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಕಾದಂಬರಿಯು ಒಂದು ನಿದರ್ಶನ. ಸುರಪುರದ ಇತಿಹಾಸದಲ್ಲಿ ಕನ್ನಡಿಗರಿಗೆ ಪರಿಚಿತನಾದ ಟೇಲರ್‌ನೇ ಈತ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಟೇಲರ್, ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು 1824ರಲ್ಲಿ ಮುಂಬಯಿಗೆ ಬಂದನು. ಅಲ್ಲಿ ನೆಲೆ ದೊರೆಯದೆ ಹೈದರಾಬಾದಿನ ನಿಜಾಮನ ಸೇವೆಗೆ ಸೇರಿ, ಸೈನ್ಯದ ಕೆಲಸದ ನಡುವೆ ಪೊಲೀಸ್ ಅಧಿಕಾರಿಯೂ ಆದನು. ಹದಿಹರೆಯದಲ್ಲೇ ದುಡಿಮೆಗೆ ಇಳಿದ ಅವನಿಗೆ ಓದೇ ಗುರುಕುಲವಾಯಿತು. ದೇಶಭಾಷೆಗಳು, ಕಾನೂನು, ಭೂಮಾಪನ, ಭೂವಿಜ್ಞಾನ, ಪುರಾತತ್ತ್ವ ಇವೆಲ್ಲವನ್ನೂ ಆತನು ಬಹುಮಟ್ಟಿಗೆ ಸ್ವಂತ ಅಧ್ಯಯನದಿಂದಲೇ ಸಂಪಾದಿಸಿದನು.

ದಾರಿಹೋಕರ ಸ್ನೇಹ ಸಂಪಾದಿಸಿ, ಸಮಯ ನೋಡಿ ಕೊರಳಿಗೆ ರುಮಾಲು ಬಿಗಿದು ಕೊಂದು ದೋಚುತ್ತಿದ್ದವರನ್ನು ಕಂಪನಿಯ ಅಧಿಕಾರಿಗಳು ‘ಥಗ್’ ಎಂದು ಕರೆದರು. ಮದರಾಸಿನ ವೈದ್ಯ ಷೇರ್‌ವುಡ್ 1816ರಲ್ಲಿ ಬರೆದ ಪ್ರಬಂಧದಲ್ಲಿ ಇಂಥವರಿಗೆ ಕನ್ನಡದಲ್ಲಿ ‘ತಂತಿ ಕಳ್ಳರು’ ಎಂಬ ಹೆಸರಿತ್ತೆಂದು ದಾಖಲಿಸಿದ್ದಾನೆ. ಕನ್ನಡದ ‘ಠಕ್ಕ’ ಎಂಬ ಮಾತಿಗೆ ಮೋಸಗಾರನೆಂದಷ್ಟೇ ಅರ್ಥ. ಅದರ ಬಳಗದ ಪದವೊಂದು ಇಂಗ್ಲಿಷಿಗೆ ಹೋಗಿ ಕೊಲೆಯನ್ನೇ ಕುಲವೃತ್ತಿಯಾಗಿ ಉಳ್ಳವನು ಎಂಬ ಅರ್ಥವನ್ನು ಪಡೆಯಿತು. ಸ್ಲೀಮನ್‌ನ ‘ರಾಮಸೀಯಾನ’ (1836) ಎಂಬ ಪರಿಭಾಷಾಕೋಶವೂ ಟೇಲರ್‌ನ ಕಾದಂಬರಿಯೂ ಈ ಅರ್ಥವನ್ನು ಪಸರಿಸಿದ ಪ್ರಮುಖ ಕೃತಿಗಳು.

ಕಾದಂಬರಿಯ ಬಂಧ ಸರಳವಾದುದು. ಸೆರೆಯಲ್ಲಿರುವ ಅಮೀರ್ ಅಲಿ ತನ್ನ ಜೀವನವನ್ನು ‘ಸಾಹೇಬ’ನೊಬ್ಬನಿಗೆ ನಿವೇದಿಸುತ್ತಾನೆ. ಸಾಹೇಬನು ಹೆಚ್ಚಾಗಿ ಮೌನಿ. ತಂದೆತಾಯಿಯರನ್ನು ಕೊಂದವನೇ ಅಮೀರನನ್ನು ಮಗನಂತೆ ಸಾಕುತ್ತಾನೆ. ಮುಂದೆ ಅವನೇ ಅರಿಯದೆ ಒಡಹುಟ್ಟಿದ ತಂಗಿಯನ್ನು ಕೊಲ್ಲುತ್ತಾನೆ. ಈ ರಚನೆಯ ಮೂಲ ಪೊಲೀಸ್ ಕಡತದಲ್ಲಿದೆ. ಸಹಚರರನ್ನು ಹಿಡಿದುಕೊಟ್ಟ ಅಪರಾಧಿಗೆ ಜೀವದಾನ ನೀಡಿ ಮಾಫಿ ಸಾಕ್ಷಿಯನ್ನಾಗಿ ಮಾಡಿಕೊಳ್ಳುವುದು ಅಂದಿನ ಪದ್ಧತಿ. ಟೇಲರ್ ಸ್ವತಃ ಅಂಥವರ ಹೇಳಿಕೆಗಳನ್ನು ಬರೆದುಕೊಂಡವನು. ಹೇಳುತ್ತಿರುವಷ್ಟು ಕಾಲ ಬದುಕುವುದು ಮಾಫಿ ಸಾಕ್ಷಿಯ ಪಾಡಾಗಿತ್ತು. ಅಧಿಕಾರಿಯು ಕೇಳಬಯಸುವುದನ್ನೇ ಹೇಳುವ ಒತ್ತಡ ಅಂಥವನ ಮೇಲಿರುತ್ತದೆಂಬುದನ್ನು ನಾವು ಮರೆಯಲಾಗದು.

ಇಲ್ಲಿಯೇ ಈ ಕೃತಿಯ ಶಕ್ತಿಯೂ ದೋಷವೂ ಒಟ್ಟಿಗೆ ಕಾಣುತ್ತವೆ. ಕೊಲೆಗಾರನಿಗೆ ಬಾಲ್ಯ, ಪ್ರೇಮ, ಸ್ನೇಹ, ದುಃಖಗಳನ್ನು ಕೊಟ್ಟು ಅವನನ್ನು ಮನುಷ್ಯನನ್ನಾಗಿ ಕಾಣಿಸಿದುದು ಕಾದಂಬರಿಕಾರನ ಸಾಧನೆ. ಆದರೆ ಒತ್ತಡದಲ್ಲಿ ಹುಟ್ಟಿದ ಹೇಳಿಕೆಯು ಕಾದಂಬರಿಯಲ್ಲಿ ಸ್ವಯಂಪ್ರೇರಿತ ಆತ್ಮಕಥೆಯಂತೆ ತೋರುತ್ತದೆ. ಪ್ರಶ್ನೆ ಕೇಳಿದವನು ಮರೆಯಾದೊಡನೆ ಕಥೆಯು ಸತ್ಯವೆನಿಸುತ್ತದೆ. ಥಗ್ಗರು ಒಂದೇ ಸಂಘಟಿತ ಪಂಥವಾಗಿದ್ದರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸಾಮಾನ್ಯ ಓದುಗನಿಗಾದರೋ ಆ ಸಂದೇಹವೇ ಉಳಿಯಲಿಲ್ಲ.

ಇದು ಕೇವಲ ಸಾಹಿತ್ಯ ವಿಮರ್ಶೆಯ ಪ್ರಶ್ನೆಯಲ್ಲ. 1836ರ ಕಾಯಿದೆಯು ಥಗ್ಗರ ತಂಡಕ್ಕೆ ಸೇರಿರುವುದನ್ನೇ ಆಜೀವ ಸೆರೆವಾಸಕ್ಕೆ ಸಾಕಾದ ಅಪರಾಧವನ್ನಾಗಿ ಮಾಡಿತು. 1871ರ ಕಾಯಿದೆಯು ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸಲು ಅವಕಾಶ ನೀಡಿತು. ಆ ಹಣೆಪಟ್ಟಿಯು ಕಾನೂನಿನ ಪುಟದಿಂದ ಅಳಿದುದು 1952ರಲ್ಲಿ. ಜನರ ನಾಲಗೆಯಿಂದ ಇನ್ನೂ ಪೂರ್ತಿ ಅಳಿದಿಲ್ಲ. ಈ ಕಾಯಿದೆಗಳಿಗೆ ಕಾದಂಬರಿಯೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಹುಟ್ಟಿನಿಂದಲೇ ಅಪರಾಧಿ ಎಂಬ ಕಲ್ಪನೆಯನ್ನು ಮನೆಮನೆಯ ಓದಿಗೆ ತಲುಪಿಸಿದ ಕೃತಿಗಳಲ್ಲಿ ಇದೂ ಒಂದೆಂಬುದು ನಿಸ್ಸಂದೇಹ.

1841ರಲ್ಲಿ ಸುರಪುರಕ್ಕೆ ಬಂದ ಟೇಲರ್ ಸುಮಾರು ಹನ್ನೆರಡು ವರ್ಷ ಅಲ್ಲಿದ್ದನು. ಬಾಲರಾಜ ವೆಂಕಟಪ್ಪ ನಾಯಕನ ಬೆಳವಣಿಗೆಯನ್ನೂ 1858ರ ಅವನ ದುರಂತವನ್ನೂ 1877ರಲ್ಲಿ, ಅಂದರೆ ತನ್ನ ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ ಅಂತಃಕರಣದಿಂದ ಬರೆದನು. ಬಲ್ಲವರನ್ನು ಕುರಿತು ಬರೆದಾಗ ಅವನ ಲೇಖನಿಯ ಗುಣವೇ ಬೇರೆ. ಆದುದರಿಂದ ಈ ಎರಡು ಕೃತಿಗಳನ್ನೂ ಒಟ್ಟಿಗೆ ಓದುವುದು ಅವಶ್ಯ. ತಳಾರನು ಬರೆದ ಕಥೆಯನ್ನು ಓದುವಾಗ, ಮಾತನಾಡುವವನ ಜೊತೆಗೆ ಬರೆದುಕೊಳ್ಳುತ್ತಿರುವವನನ್ನೂ ನಾವು ಗಮನಿಸಬೇಕಾಗುತ್ತದೆ.