ನಿಮಗಿದು ಗೊತ್ತೇ? ಕ್ಯಾಸೆಟ್ಟಿನ ಹೊಟ್ಟೆಯೊಳಗೊಂದು ಸೆಲ್ಲು

ಬ್ಯಾಕೋಡಿನಲ್ಲಾಗಲಿ, ಹೊಸನಗರ, ತೀರ್ಥಹಳ್ಳಿ ಕಡೆಯಾಗಲಿ, ಬೆಂಗಳೂರಿಗೋ ಅಮೆರಿಕಕ್ಕೋ ಹೋದವರ ಮಕ್ಕಳು ರಜೆಗೆ ಬಂದು ಬಿಟ್ಟುಹೋದ ಗೇಮ್‌ಬಾಯ್ ಎಂಬ ಆಟದ ಯಂತ್ರ ನಿಮ್ಮನೆ ಅಟ್ಟದ ಮೇಲಿದ್ದರೆ ಇಳಿಸಿಕೊಂಡು ಓದಿ. ಯಂತ್ರ ಸರಿಯಿದೆ, ಆಟವೂ ಶುರುವಾಗುತ್ತದೆ. ಅಂದು ಆಡಿ ಉಳಿಸಿಟ್ಟದ್ದು ಮಾತ್ರ ಕಾಣುತ್ತಿಲ್ಲ ಅಂದರೆ ಕಾರಣ ಇಲ್ಲಿದೆ.

◆ ಗೇಮ್‌ಬಾಯ್ ಜಪಾನಿನ ಅಂಗಡಿಗೆ ಬಂದದ್ದು 1989ರ ಏಪ್ರಿಲ್ 21ರಂದು. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅಂಥ ನಾಲ್ಕು ಸೆಲ್ಲು ಅದಕ್ಕೆ ಬೇಕು. ಅದರ ಹಲವು ಕ್ಯಾಸೆಟ್ಟುಗಳ ಒಳಗೆ ಬಿಲ್ಲೆಯಂಥ ಇನ್ನೊಂದು ಸೆಲ್ಲು ಅಡಗಿ ಕೂತಿರುತ್ತದೆ. ಕೈಕೊಡುವುದು ಅದು.

◆ ಆಟ ಮತ್ತು ನಿಮ್ಮ ಆಟದ ಲೆಕ್ಕ ಒಂದೇ ಚಿಪ್ಪಿನಲ್ಲಿ ಇರುವುದಿಲ್ಲ. ಆಟವಿರುವುದು ರಾಮ್‌ನಲ್ಲಲ್ಲ, ರೋಮ್‌ನಲ್ಲಿ. ಅದು ಅಚ್ಚು ಹಾಕಿದ ಪುಸ್ತಕ. ಎಷ್ಟು ಹಂತ ದಾಟಿದಿರಿ, ಪೋಕೆಮಾನ್ ಆಟದಲ್ಲಿ ಯಾವ ಪ್ರಾಣಿ ಹಿಡಿದಿರಿ ಎಂಬುದೆಲ್ಲ ಸ್ಟ್ಯಾಟಿಕ್ ರಾಮ್ ಎಂಬ ಸ್ಲೇಟಿನ ಮೇಲೆ. ಕರೆಂಟು ಹೋದ ಕ್ಷಣಕ್ಕೆ ಸ್ಲೇಟು ಒರೆಸಿದಂತೆ. ಆ ಕರೆಂಟನ್ನು ವರ್ಷಾನುಗಟ್ಟಲೆ ಹನಿಹನಿಯಾಗಿ ಕೊಡುವುದೇ ಬಿಲ್ಲೆ ಸೆಲ್ಲಿನ ಕೆಲಸ.

◆ ಗೇಮ್‌ಬಾಯ್ ಜೊತೆ ಬಂದ ಟೆಟ್ರಿಸ್ ಕ್ಯಾಸೆಟ್ಟಿನಲ್ಲಿ ಇಂಥ ಸೆಲ್ಲೇ ಇಲ್ಲ. ಸ್ವಿಚ್ ಆರಿಸಿದರೆ ಅಂಕವೂ ಆರಿತು. ಹಾಗಾಗಿ ಅದು ಇವತ್ತಿಗೂ ಹೊಸದರಂತೆಯೇ ಆಡುತ್ತದೆ.

◆ ಪೋಕೆಮಾನ್ ರೆಡ್, ಬ್ಲೂ ಕ್ಯಾಸೆಟ್ಟುಗಳ ನೆನಪಿನ ಜಾಗ ಬರೇ 32 ಕಿಲೊಬೈಟ್. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. ಅಂದರೆ ಈ ಅಂಕಣವನ್ನು ಒಳಗೆ ತುಂಬಿದರೆ ಜಾಗದ ಬಹುಪಾಲು ಮುಗಿಯಿತು. ಒಬ್ಬ ಹುಡುಗನ ಇಡೀ ಬೇಸಿಗೆ ರಜೆ ಅಷ್ಟರಲ್ಲೇ ಹಿಡಿಸಿತ್ತು!

◆ ಆಡುತ್ತಿದ್ದರೆ ಸೆಲ್ಲು ಉಳಿಯುತ್ತದೆ, ಆಡದೆ ಇಟ್ಟರೆ ಸವೆಯುತ್ತದೆ. ಯಂತ್ರ ಚಾಲೂ ಇರುವಾಗ ಚಿಪ್ಪಿಗೆ ಬೇಕಾದ ವಿದ್ಯುತ್ತು ದೊಡ್ಡ ಸೆಲ್ಲುಗಳಿಂದ ಬರುತ್ತದೆ. ಆರಿಸಿದ ಮೇಲೆ ಬಿಲ್ಲೆಯ ಸರದಿ. ಜೋಪಾನವಾಗಿ ಕಟ್ಟಿ ಅಟ್ಟಕ್ಕೆ ಹಾಕಿದ್ದರಿಂದ ಲಾಭವೇನೂ ಆಗಿಲ್ಲ.

◆ ಸೆಲ್ಲಿನ ಮೇಲಿನ ಅಂಕಿಯೇ ಅದರ ಅಳತೆ. ಸಿಆರ್2025 ಅಂದರೆ 20 ಮಿಲಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪ. ಸಿಆರ್1616 ಅಂದರೆ 16 ಅಗಲ, 1.6 ದಪ್ಪ. ಎರಡೂ 3 ವೋಲ್ಟಿನವೇ. ಆದರೆ ದೊಡ್ಡದರ ಹೊಟ್ಟೆಯಲ್ಲಿ ಚಿಕ್ಕದರ ಎರಡು ಮೂರು ಪಟ್ಟು ಸರಕು.

◆ ಪೋಕೆಮಾನ್ ಗೋಲ್ಡ್, ಸಿಲ್ವರ್ (ಜಪಾನ್, 1999) ಕ್ಯಾಸೆಟ್ಟುಗಳ ಸೆಲ್ಲು ಉಳಿದವಕ್ಕಿಂತ ಬೇಗ ಮುಗಿಯುತ್ತದೆ. ಅವುಗಳಲ್ಲಿ ಹಗಲು ರಾತ್ರಿ ತಿಳಿಸುವ ಗಡಿಯಾರವೂ ಇದೆ. ಅದು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋಗಿ, ಸರಿಯಾಗಿ 1 ಸಿಗುತ್ತದೆ. ಕ್ವಾರ್ಟ್ಜ್ ಕೈಗಡಿಯಾರಗಳಲ್ಲೂ ಇದೇ ಹರಳು, ಇದೇ ಲೆಕ್ಕ. ಕೀ ಕೊಟ್ಟು ಓಡಿಸುವ ಎಚ್‌ಎಂಟಿ ಜನತಾಕ್ಕೆ ಹರಳೂ ಬೇಡ, ಸೆಲ್ಲೂ ಬೇಡ.

◆ 2002ರ ಪೋಕೆಮಾನ್ ರೂಬಿ, ಸಫೈರ್ ಆಟಗಳಲ್ಲಿ ಸೆಲ್ಲು ಮುಗಿದರೆ ಆಟವೇ ಪರದೆಯ ಮೇಲೆ ತಿಳಿಸುತ್ತದೆ. ಗಾಬರಿ ಬೇಡ. ಇಲ್ಲಿ ನಿಲ್ಲುವುದು ಗಡಿಯಾರ ಮಾತ್ರ. ಉಳಿಸಿದ ಆಟ ಫ್ಲ್ಯಾಶ್ ಮೆಮೊರಿಯಲ್ಲಿ ಭದ್ರ. 2004ರ ಫೈರ್‌ರೆಡ್, ಲೀಫ್‌ಗ್ರೀನ್‌ಗಳಲ್ಲಂತೂ ಸೆಲ್ಲೇ ಇಲ್ಲ. ಆ ಹೆಸರಿನ ಕ್ಯಾಸೆಟ್ಟು ಬಿಚ್ಚಿದಾಗ ಬಿಲ್ಲೆ ಸಿಕ್ಕರೆ ಮಾಲು ನಕಲಿ ಎಂದು ಅನುಮಾನಿಸಬಹುದು.

◆ ಟಿವಿಗೆ ಸಿಕ್ಕಿಸಿ ಕಾಂಟ್ರಾ, ಮಾರಿಯೊ ಆಡುತ್ತಿದ್ದೆವಲ್ಲ, ಆ ಅಗ್ಗದ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಸೆಲ್ಲು ಇರುತ್ತಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದ ಶುರು.

◆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರವೂ ಬ್ಯಾಟರಿಯಿಂದಲೇ ನಡೆಯುತ್ತದೆ. ಆದರೆ ಅದರ ಪವರ್ ಪ್ಯಾಕ್ ತೆಗೆದಿಟ್ಟರೂ ಮತದ ಲೆಕ್ಕ ಅಳಿಯುವುದಿಲ್ಲ.

◆ ಈಗ ರಿಪೇರಿ. ಮೊದಲ ತೊಡಕೇ ಸ್ಕ್ರೂ. ಗೇಮ್‌ಬಾಯ್ ಕ್ಯಾಸೆಟ್ಟಿನ ಸ್ಕ್ರೂ ತಲೆಗೆ ನಮ್ಮ ಚಪ್ಪಟೆ, ಪ್ಲಸ್ ಯಾವ ಸ್ಕ್ರೂಡ್ರೈವರೂ ಕೂರದು, 3.8 ಮಿಲಿಮೀಟರಿನ ‘ಗೇಮ್‌ಬಿಟ್’ ಬೇಕು. ಅದು ಸಿಗದವರು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಬೆಂಕಿಗೆ ಹಿಡಿದು, ಮೆತ್ತಗಾದೊಡನೆ ಸ್ಕ್ರೂ ಮೇಲೆ ಒತ್ತಿ, ಆರಿದ ಮೇಲೆ ಮೆಲ್ಲಗೆ ತಿರುಗಿಸುತ್ತಾರೆ. ಎರಡು ಮೂರು ಸ್ಕ್ರೂಗೆ ಒಂದು ಪೆನ್ನು ಹಾಳು, ಅಷ್ಟೇ.

◆ ಬಿಲ್ಲೆಯ ಮೇಲೆ ನೇರವಾಗಿ ಬೆಸುಗೆ ಹಾಕಲೇಬೇಡಿ. ಲೀಥಿಯಂ ಕರಗುವುದು ಸುಮಾರು 180 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ರೇಡಿಯೊ ರಿಪೇರಿಯ ತವರ-ಸೀಸದ ಬೆಸುಗೆ ಕರಗುವುದು 183ರಲ್ಲಿ, ಸೋಲ್ಡರಿಂಗ್ ಕಡ್ಡಿಯ ಮೂತಿಯಂತೂ 300 ದಾಟಿರುತ್ತದೆ. ಸೆಲ್ಲು ಉಬ್ಬಬಹುದು, ಸಿಡಿಯಲೂಬಹುದು. ಕಾರ್ಖಾನೆಯಲ್ಲಿ ಸೆಲ್ಲಿನ ಎರಡೂ ಮುಖಕ್ಕೆ ತೆಳು ತಗಡಿನ ಕಿವಿಗಳನ್ನು ಸ್ಪಾಟ್ ವೆಲ್ಡಿಂಗ್ ಮಾಡಿರುತ್ತಾರೆ. ಬೆಸುಗೆ ಬೀಳುವುದು ಆ ಕಿವಿಯ ತುದಿಗೆ ಮಾತ್ರ. ವಾಚ್ ಅಂಗಡಿಯಲ್ಲಿ ಸಿಗುವುದು ಬೋಳು ಬಿಲ್ಲೆ. ಕಿವಿಯಿರುವುದೇ ಬೇಕೆಂದು ಕೇಳಿ ತರಿಸಬೇಕು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡು ಸುತ್ತಬೇಕು. ಹಳೆಯದನ್ನು ತೆಗೆಯುವ ಮೊದಲು ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

◆ ಸೆಲ್ಲು ಪೂರ್ತಿ ಸತ್ತಿರದಿದ್ದರೆ ಹಳೆಯ ಆಟ ಉಳಿಸಿಕೊಳ್ಳಬಹುದು. ಮಲ್ಟಿಮೀಟರಿನಲ್ಲಿ 3 ವೋಲ್ಟಿನ ಆಸುಪಾಸು ತೋರಿದರೆ ಆರಾಮ. ಇಂಥ ಚಿಪ್ಪುಗಳು ಸಾಮಾನ್ಯವಾಗಿ 2 ವೋಲ್ಟಿನವರೆಗೂ ನೆನಪು ಹಿಡಿದುಕೊಳ್ಳುತ್ತವೆ. ಒಳ್ಳೆಯ ದಾರಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಕ್ಯಾಸೆಟ್ ರೀಡರ್. 32 ಕಿಲೊಬೈಟಿನ ಕಡತ ಇಳಿಸಿಕೊಂಡು, ನಿಶ್ಚಿಂತೆಯಿಂದ ಸೆಲ್ಲು ಬದಲಿಸಿ, ಕಡತವನ್ನು ಮತ್ತೆ ಏರಿಸಿದರಾಯಿತು. ರೀಡರ್ ಇಲ್ಲದವರ ಉಪಾಯ ಇನ್ನೊಂದು: ಗಡಿಯಾರದ ಎರಡು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಒಂದೂವರೆ, ಒಂದೂವರೆ ಸೇರಿ 3 ವೋಲ್ಟ್. ಅದರ ಎರಡು ವೈರನ್ನು ಬೋರ್ಡಿನ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟು, ಆಮೇಲೆ ಹಳೆಯದನ್ನು ಕೀಳುವುದು. ಕೈ ಒಂಚೂರು ಅಲ್ಲಾಡಿ ವೈರು ತಾಗಿತೋ, ಎಲ್ಲ ಹೋಯಿತು. ಈ ಸಾಹಸಕ್ಕಿಂತ ರೀಡರ್ ಇರುವವರ ಮನೆ ಹುಡುಕುವುದೇ ಮೇಲು ಎಂದು ನನ್ನ ಅಭಿಪ್ರಾಯ.

◆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರು ಮೀರುತ್ತದೆ. ಈ ಸೀಮೆಯ ಆಷಾಢದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಕ್ಯಾಸೆಟ್ಟಿನ ಬಾಯಲ್ಲಿರುವ ಲೋಹದ ಹಲ್ಲುಗಳು ಕಿಲುಬದೆ ಉಳಿದಾವೇ? ಮೊದಲ ಗೇಮ್‌ಬಾಯ್ ಚಾಲೂ ಆದೊಡನೆ ಕ್ಯಾಸೆಟ್ಟಿನಲ್ಲಿರುವ, ತನ್ನ ತಯಾರಕ ಕಂಪನಿ ನಿಂಟೆಂಡೊದ 48 ಬೈಟಿನ ಲಾಂಛನವನ್ನು ಓದಿ, ತನ್ನಲ್ಲಿರುವುದಕ್ಕೆ ತಾಳೆ ನೋಡುತ್ತದೆ; ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಮುಂದೆ ಹೋಗದು. ಲಾಂಛನ ಚೆಲ್ಲಾಪಿಲ್ಲಿಯಾಗಿ ಕಂಡರೆ ಅಥವಾ ಬರೇ ಕಪ್ಪು ಪಟ್ಟಿ ಇಳಿದು ಬಂದರೆ ಸೆಲ್ಲನ್ನು ಬೈಯಬೇಡಿ. ಹಲ್ಲು ಕೊಳೆಯಾಗಿದೆ ಅಷ್ಟೇ.

◆ ಬಾಯಿಂದ ಉಫ್ ಅಂದು ಊದುವುದು ಲೋಕದ ಎಲ್ಲ ಮಕ್ಕಳೂ ಕಂಡುಕೊಂಡ ಮದ್ದು. ಬೇಡವೆಂದು ನಿಂಟೆಂಡೊ ಹೇಳುತ್ತಲೇ ಬಂದಿದೆ. ಉಸಿರಿನ ತೇವಕ್ಕೆ ಲೋಹ ಇನ್ನಷ್ಟು ಕೆಡುತ್ತದೆ. ಊದಿದ ಮೇಲೆ ಆಟ ಬರುವುದು ಹೆಚ್ಚಾಗಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದ್ದರ ಫಲ. ಮೊಬೈಲ್ ರಿಪೇರಿಯವರ ಬಳಿಯಿರುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ತಾಗಿಸಿ ಒರೆಸಿ, ಪೂರ್ತಿ ಆರಲು ಬಿಡಿ. ಒಣಗಲೆಂದು ಬಚ್ಚಲೊಲೆಯ ಪಕ್ಕ ಮಾತ್ರ ಇಡಬೇಡಿ.

◆ ತೆಗೆದ ಸೆಲ್ಲು ಮಕ್ಕಳ ಕೈಗೆ ಸಿಗಬಾರದು. ‘ಮುಗಿದ’ ಬಿಲ್ಲೆಯಲ್ಲೂ ಉಳಿದಿರುವ ವಿದ್ಯುತ್ತು ಅಪಾಯಕ್ಕೆ ಧಾರಾಳ ಸಾಕು. ನುಂಗಿದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರ ಮೈನಸ್ ಮುಖದ ಬಳಿ ಕಟುವಾದ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು. 20 ಮಿಲಿಮೀಟರಿನವೇ ಹೆಚ್ಚು ಅಪಾಯಕಾರಿ. ವಾಂತಿ ಮಾಡಿಸಬಾರದು, ಬೆಳಗಾಗಲಿ ಎನ್ನಬಾರದು; ಎಕ್ಸ್‌ರೇ ಇರುವ ಆಸ್ಪತ್ರೆಗೆ ಆಗಲೇ ಹೊರಡಬೇಕು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ಜೇನುತುಪ್ಪ ಕೈಗೆಟಕುವಂತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ 6 ಸಲದವರೆಗೆ ಕೊಡಬಹುದು ಎನ್ನುತ್ತದೆ ಅಮೆರಿಕದ ವಿಷ ಚಿಕಿತ್ಸಾ ಮಾರ್ಗಸೂಚಿ. ಜೇನು ಹುಡುಕುತ್ತ ಹೊತ್ತು ಕಳೆಯುವಂತಿಲ್ಲ. ಬ್ಯಾಕೋಡು, ತುಮರಿ ಕಡೆಯವರು ಹಿಂದೆ ಹೊಳೆಬಾಗಿಲಿನ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿಯೂ ಸಾಗರಕ್ಕೆ ನೇರ ದಾರಿಯಿದೆ.

◆ ಹಳೆಯ ಬಿಲ್ಲೆಯ ಎರಡೂ ಮುಖಕ್ಕೆ ಟೇಪು ಸುತ್ತಿ, ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ. ಒಲೆಗೆ ಎಸೆಯಬೇಡಿ, ತೋಟದ ಗೊಬ್ಬರಗುಂಡಿಗೂ ಬೇಡ.

◆ ಸೆಲ್ಲಿನ ಕಾಟವೇ ಬೇಡ ಎನ್ನುವವರು ಹಳೆಯ ರಾಮ್ ಚಿಪ್ಪನ್ನೇ ಕಿತ್ತು ಎಫ್‌ರಾಮ್ ಎಂಬುದನ್ನು ಕೂರಿಸುತ್ತಾರೆ. ವಿದ್ಯುತ್ತಿಲ್ಲದೆಯೂ ಅದಕ್ಕೆ ನೆನಪಿರುತ್ತದೆ. ಗೋಲ್ಡ್, ಸಿಲ್ವರ್ ಇರುವವರಿಗೆ ಇದರಿಂದ ಅರ್ಧ ಲಾಭವಷ್ಟೇ. ಗಡಿಯಾರಕ್ಕೆ ಸೆಲ್ಲು ಬೇಕೇ ಬೇಕು.